ಬಾನೆಟ್ಟಿನ ಮುಂದಿನ ಜಾಗ

ಅಮೆರಿಕದ ಕ್ಯಾರಿ ಊರಿನ ಕನ್ನಡದವರಲ್ಲಿ ಪಿಕಪ್ ಟ್ರಕ್ ಓಡಿಸುವ ಹೆಂಗಸು ನನಗೆ ತಿಳಿದ ಮಟ್ಟಿಗೆ ನಾನೊಬ್ಬಳೇ. ಮಿಕ್ಕವರದ್ದೆಲ್ಲ ಮಿನಿವ್ಯಾನು, ಇಲ್ಲವೇ ಸದ್ದಿಲ್ಲದ ಬ್ಯಾಟರಿ ಕಾರು. ನಾನು ಸೀಮಂತ, ನಾಮಕರಣ, ಗೃಹಪ್ರವೇಶಗಳಿಗೆ ಮಂಟಪ ಕಟ್ಟಿ ಅಲಂಕಾರ ಮಾಡಿಕೊಡುವವಳು. ಎಂಟಡಿ ಕಂಬ, ಪರದೆ ಕಟ್ಟುವ ಕಬ್ಬಿಣದ ಚೌಕಟ್ಟು, ಬಾಳೆಕಂದು ಇವನ್ನೆಲ್ಲ ಹೇರಿಕೊಂಡು ಹೋಗಲು ಹಿಂಬದಿ ತೆರೆದ ಗಾಡಿಯೇ ಬೇಕು. ಕನ್ನಡ ಸಂಘದ ಮಕ್ಕಳು ನನ್ನನ್ನು ಲಾರಿ ಆಂಟಿ ಅಂತಾರೆ. ಅವರಪ್ಪಂದಿರಿಗೆ ಒಳಗೊಳಗೇ ಹೊಟ್ಟೆಕಿಚ್ಚು.

ಹೋದ ವರ್ಷ ಏಪ್ರಿಲ್‌ನಲ್ಲಿ ನಮ್ಮ ಹಳೆಯ ಟ್ರಕ್ಕು ಗೇರು ಬದಲಿಸುವಾಗಲೆಲ್ಲ ಮುಲುಗಲು ಶುರು ಮಾಡಿತು. ನಮ್ಮ ಯಜಮಾನರಿಗೆ ಅಷ್ಟೇ ಸಾಕಾಯಿತು. "ನೋಡು ಬಾ, ಎರಡೂ ಕಂಪನಿಯವರು ಫೇಸ್ ಪೂರ್ತಿ ಚೇಂಜ್ ಮಾಡಿದಾರೆ," ಎಂದು ಟಿವಿಯಲ್ಲಿ ವಿಡಿಯೋ ಹಾಕಿಕೊಂಡು ಕೂತರು. ವರ್ಷಗಳಿಂದ ಒಂದನ್ನೊಂದು ಕಂಡರಾಗದ ಎರಡು ಟ್ರಕ್ಕುಗಳು. ನಾನು ಒಂದಕ್ಕೆ ಬೀರು ಎಂದು ಹೆಸರಿಟ್ಟೆ, ಇನ್ನೊಂದಕ್ಕೆ ಗೂಳಿ. ಬೀರುವಿನ ಮೂತಿ ನೆಟ್ಟಗೆ, ಚಪ್ಪಟೆ. ಹೊಸ ಅವತಾರದಲ್ಲಿ ಅದರ ಜಾಲರಿ ಇನ್ನಷ್ಟು ಮೇಲೇರಿ ನನ್ನ ಎದೆಮಟ್ಟಕ್ಕೆ ಬಂದಿತ್ತು. ಗೂಳಿಯದೂ ಅಷ್ಟೇ ಅಗಲ, ಆದರೆ ದೀಪಗಳನ್ನು ಅಂಚಿಗೆ ಸರಿಸಿ ಬಾನೆಟ್ಟನ್ನು ತುದಿಯಲ್ಲಿ ಸ್ವಲ್ಪ ಬಾಗಿಸಿದ್ದರು. ನಮ್ಮ ಹಳೆಯದು ಬೀರುವಿನ ವಂಶದ್ದು.

ಇವರು ನೋಡುತ್ತಿದ್ದದ್ದು ಯಾವುದು ಎಷ್ಟು ಸಾವಿರ ಪೌಂಡ್ ಎಳೆಯುತ್ತದೆ ಎಂದು. ಏನನ್ನು ಎಳೆಯುತ್ತಾರೋ ದೇವರೇ ಬಲ್ಲ, ಕಸದ ಡಬ್ಬಿ ರಸ್ತೆಗೆ ಎಳೆಯಲೂ ನಾನೇ ಜ್ಞಾಪಿಸಬೇಕು. ನಾನು ಕೇಳುತ್ತಿದ್ದದ್ದು ಕಂಬ ಎತ್ತಿಡಲು ಹಿಂಬದಿ ಎಷ್ಟು ಎತ್ತರ, ಹಗ್ಗ ಬಿಗಿಯಲು ಕೊಂಡಿಗಳು ಎಲ್ಲಿವೆ ಎಂದು. ಇನ್ನೊಂದು ಪ್ರಶ್ನೆಯೂ ಇತ್ತು, ಅದನ್ನು ಬಾಯಿಬಿಟ್ಟು ಕೇಳಲಿಲ್ಲ. ಸೀಟಿನಲ್ಲಿ ಕೂತಾಗ ಬಾನೆಟ್ಟಿನ ಮುಂದೆ ಎಷ್ಟು ಜಾಗ ಕಣ್ಣಿಗೆ ಬೀಳುವುದಿಲ್ಲ?

ಅದಕ್ಕೂ ಮೂರು ವರ್ಷದ ಹಿಂದೆ ಆ ಹಳೆಯ ಟ್ರಕ್ಕು ತಾಗಿಸಿ ನಾನು ನನ್ನ ಅತ್ತೆಯನ್ನು ಕೆಡವಿದ್ದೆ. ಇದು ನನ್ನ ಗಂಡನಿಗೆ ಗೊತ್ತಿರಲಿಲ್ಲ. ಅತ್ತೆಗೆ ಗೊತ್ತಿತ್ತೋ ಇಲ್ಲವೋ, ಅದು ನನಗೆ ಗೊತ್ತಿರಲಿಲ್ಲ.

ಕೋವಿಡ್ ಗಲಾಟೆ ಇಳಿದು ವಿಮಾನಗಳು ಮತ್ತೆ ಹಾರಾಡತೊಡಗಿದ ಕಾಲ. ಅತ್ತೆ ಮೈಸೂರಿನಿಂದ ಆರು ತಿಂಗಳಿಗೆಂದು ಬಂದಿದ್ದರು. ಬಂದ ವಾರದಿಂದಲೇ ನಮ್ಮಿಬ್ಬರಿಗೂ ರಂಗೋಲಿಯ ಜಗಳ. ಬಾಗಿಲ ಮುಂದೆ ಮಾಡು ಇಳಿಸಿದ ಸಣ್ಣ ವರಾಂಡ ಇದೆ, ಅಲ್ಲಿ ಹಾಕಿ ಎಂದರೆ ಕೇಳುವುದಿಲ್ಲ. ರಂಗೋಲಿ ಗೇಟಿನ ಮುಂದೆ ಇರಬೇಕು. ನಮ್ಮ ಮನೆಗೆ ಗೇಟಿಲ್ಲ. ಡ್ರೈವ್‌ವೇ ಹೋಗಿ ರಸ್ತೆಗೆ ಸೇರುವ ಕಡೆಯೇ ಗೇಟು ಎಂದು ಅವರೇ ತೀರ್ಮಾನಿಸಿ, ದಿನಾ ಬೆಳಿಗ್ಗೆ ಅಲ್ಲಿ ನೀರು ಹಾಕಿ, ಕುಕ್ಕರಗಾಲಲ್ಲಿ ಕೂತು ಎಳೆ ಎಳೆಯುತ್ತಿದ್ದರು. ನಾಯಿ ಕರೆದುಕೊಂಡು ಓಡುವವರೆಲ್ಲ ನಿಂತು ನೋಡುತ್ತಿದ್ದರು.

ಒಂದು ಸಂಜೆ ಮಾತು ಬೆಳೆಯಿತು. "ಕಂಡೋರ ಮನೆಗೆಲ್ಲ ಅಲಂಕಾರ ಮಾಡ್ತೀಯ, ನಿನ್ನ ಮನೆ ಬಾಗಿಲು ಮಾತ್ರ ಬೋಳು," ಎಂದರು. ಮಾತು ನಿಜವಾಗಿತ್ತು, ಅದಕ್ಕೇ ಚುಚ್ಚಿತು. ನನ್ನ ನಾಲಿಗೆಗೆ ಲಗಾಮಿಲ್ಲ. "ಇದು ನನ್ನ ಮನೆ ಅತ್ತೆ. ನೀವು ಬಂದಿರೋದು ಆರು ತಿಂಗಳಿಗೆ. ಹೋಗೋವರೆಗೂ ದಯವಿಟ್ಟು ಸುಮ್ನಿರಿ," ಎಂದುಬಿಟ್ಟೆ. ಅವರು ಊಟ ಮಾಡದೆ ಮಲಗಿದರು. ನಾನು ಸಮಾಧಾನ ಮಾಡಲು ಹೋಗಲಿಲ್ಲ.

ಮಾರನೆಯ ಬೆಳಿಗ್ಗೆ ಪಕ್ಕದ ಊರು ರಾಲಿಯಲ್ಲಿ ಒಂದು ಸೀಮಂತ. ಸಾಮಾನು ಹೇರಲು ಸುಲಭವಾಗಲೆಂದು ಟ್ರಕ್ಕನ್ನು ಹಿಂದುಮುಂದಾಗಿ ಗರಾಜಿನ ಬಾಯಿಗೆ ನಿಲ್ಲಿಸಿದ್ದೆ. ಗಾಡಿಯೇ ಇಪ್ಪತ್ತಡಿ ಉದ್ದ, ಹಾಗಾಗಿ ಮೂತಿ ರಸ್ತೆಯ ಅಂಚಿನವರೆಗೆ ಚಾಚಿತ್ತು. ಎಂಜಿನ್ ಚಾಲೂ ಮಾಡಿ ಬಿಟ್ಟು, ಹಿಂದೆ ನಿಂತು ಹಗ್ಗ ಬಿಗಿಯುತ್ತಿದ್ದೆ. ಅತ್ತೆ ದೇವರ ಮುಂದೆ ಕೂತಿದ್ದಾರೆ ಎಂದೇ ತಿಳಿದಿದ್ದೆ. ಸಿಟ್ಟು ಇನ್ನೂ ಇಳಿದಿರಲಿಲ್ಲ. ಮನಸ್ಸಿನಲ್ಲೇ ಅವರಿಗೆ ಉತ್ತರ ಕೊಡುತ್ತಾ ಹತ್ತಿ ಕೂತೆ, ಗೇರು ಹಾಕಿ ಬ್ರೇಕಿನಿಂದ ಕಾಲು ತೆಗೆದೆ.

ಕಣ್ಣ ಮುಂದೆ ಇದ್ದದ್ದು ಬಾನೆಟ್ಟು, ಅದರಾಚೆ ಎದುರು ಮನೆಯ ಪೈನ್ ಮರ. ಮಧ್ಯೆ ಏನೂ ಇರಲಿಲ್ಲ. ಕೇಳಿಸಿದ್ದು ಒಂದು ಸ್ಟೀಲ್ ಡಬ್ಬಿಯ ಮುಚ್ಚಳ ಕಾಂಕ್ರೀಟಿನ ಮೇಲೆ ಗಿರಗಿರನೆ ತಿರುಗಿ ಮಲಗಿದ ಸದ್ದು.

ಹಿಂದಿನಿಂದ ಏನೋ ಬಿತ್ತು ಎಂದು ಬ್ರೇಕು ತುಳಿದು ಇಳಿದೆ. ಹಿಂದೆ ಎಲ್ಲ ನೆಟ್ಟಗಿತ್ತು. ಮುಂದೆ ಬಂದೆ. ಅತ್ತೆ ಬಲಗೈ ಮೇಲೆ ಮಗುಚಿ ಬಿದ್ದಿದ್ದರು, ಮುಖ ರಸ್ತೆಯ ಕಡೆ. ಅವರ ಬೆನ್ನಿಗೂ ಬಂಪರಿಗೂ ನಡುವೆ ಒಂದು ಗೇಣು ಜಾಗ. "ಎತ್ತು," ಎಂದರು, ಅಷ್ಟೇ. ಅಷ್ಟರಲ್ಲಿ ಆಫೀಸಿನ ಫೋನಿನಲ್ಲಿದ್ದ ಇವರು ಕಿಟಕಿಯಿಂದ ನೋಡಿ ಹೆಡ್‌ಸೆಟ್ ಸಮೇತ ಓಡಿ ಬಂದರು. ನಾನು ಬಾಯಿ ತೆರೆಯುವ ಮೊದಲೇ ಅತ್ತೆ ಹೇಳಿದರು. "ನೀರು ಹಾಕಿದ್ನಲ್ಲ, ಕಾಲು ಜಾರ್ತು ಕಣೋ." ಏಪ್ರಿಲ್‌ನಲ್ಲಿ ಪೈನ್ ಮರಗಳ ಹಳದಿ ಪರಾಗದ ಪುಡಿ ಎಲ್ಲದರ ಮೇಲೂ ಕೂರುತ್ತದೆ, ಒದ್ದೆಯಾದರೆ ನಿಜಕ್ಕೂ ಜಾರುತ್ತದೆ. ಇವರು ನಂಬಿದರು.

ಆಸ್ಪತ್ರೆಯಲ್ಲಿ ಕನ್ನಡದ ದುಭಾಷಿ ಫೋನಿನಲ್ಲಿ ಸಿಗಲಿಲ್ಲ. ನೀವೇ ಕೇಳಿ ಹೇಳಿ ಎಂದಳು ನರ್ಸು. ಹೇಗೆ ಬಿದ್ದಿರಿ ಎಂದು ನಾನೇ ಅತ್ತೆಯನ್ನು ಕೇಳಿದೆ. "ಜಾರಿ ಬಿದ್ದೆ ಅನ್ನು." ಜಾರಿ ಬಿದ್ದರಂತೆ ಎಂದು ನನ್ನ ಬಾಯಿಂದಲೇ ಇಂಗ್ಲಿಷಿನಲ್ಲಿ ಹೇಳಿದೆ. ಇಲ್ಲಿನ ಆಸ್ಪತ್ರೆಗಳಲ್ಲಿ ಇನ್ನೊಂದು ಪ್ರಶ್ನೆ ಎಲ್ಲರಿಗೂ ಕೇಳುತ್ತಾರೆ, ಮನೆಯಲ್ಲಿ ನೀವು ಭಯವಿಲ್ಲದೆ ಇದ್ದೀರಾ ಎಂದು. ಅದನ್ನೂ ನಾನೇ ಕೇಳಬೇಕಾಯಿತು. ಅತ್ತೆ ಛಾವಣಿಯನ್ನು ಸ್ವಲ್ಪ ಹೊತ್ತು ನೋಡಿ, "ಭಯ ಏನಿಲ್ಲ ಅನ್ನು," ಎಂದರು. ಅನ್ನು ಎಂದದ್ದನ್ನು ಬಿಟ್ಟು ಮಿಕ್ಕದ್ದನ್ನು ನರ್ಸಿಗೆ ಹೇಳಿದೆ. ಆ ಹೊತ್ತಿನ ಹೇಡಿತನಕ್ಕೆ ನನಗೆ ಇವತ್ತಿಗೂ ನಾಚಿಕೆ.

ಬಲ ಮಣಿಕಟ್ಟು ಮುರಿದಿತ್ತು. ಪಟ್ಟಿ ಬಿಚ್ಚುವವರೆಗೆ ಸ್ನಾನ ಮಾಡಿಸಿದೆ, ತಲೆ ಬಾಚಿದೆ, ಅನ್ನ ಕಲಸಿ ಬಾಯಿಗಿಟ್ಟೆ. ತುತ್ತು ತೆಗೆದುಕೊಳ್ಳುವಾಗ ಅವರು ನನ್ನ ಮುಖವನ್ನೇ ನೋಡುತ್ತಿದ್ದರು. ಒಂದು ದಿನ ಅದು ಮಮತೆ ಎನಿಸುತ್ತಿತ್ತು, ಇನ್ನೊಂದು ದಿನ ಎಲ್ಲ ಗೊತ್ತು ಕಣೇ ಎಂಬ ನೋಟ. ಅವರು ಟ್ರಕ್ಕಿಗೆ ಬೆನ್ನು ಹಾಕಿ ಕೂತಿದ್ದರು. ಕಿವಿ ಸ್ವಲ್ಪ ಮಂದ. ಎಂಜಿನ್ ಮೊದಲಿನಿಂದಲೂ ಗುಟುರು ಹಾಕುತ್ತಿದ್ದದ್ದರಿಂದ ಸದ್ದು ಹೊಸದಲ್ಲ. ಹಾಗಾದರೆ ನಿಜವಾಗಿ ಜಾರಿದೆ ಎಂದೇ ತಿಳಿದಿರಬಹುದೇ? ತಿಳಿದಿಲ್ಲದಿದ್ದರೆ ಹೇಳುವುದು ನನ್ನ ಕರ್ತವ್ಯ. ತಿಳಿದೂ ಮಗನಿಗೆ ಹೇಳದೆ ಇದ್ದಾರೆಂದರೆ ಅದು ಕರುಣೆಯೋ, ನನ್ನ ಜುಟ್ಟು ಕೈಯಲ್ಲಿಟ್ಟುಕೊಂಡದ್ದೋ? ದಿನಾ ಹೇಳಬೇಕೆಂದುಕೊಂಡೆ. ಆರು ತಿಂಗಳು ಮುಗಿದು ಅವರು ಊರಿಗೆ ಹೋದರು.

ಅವರು ಹೋದರೂ ಆ ಜಾಗದಿಂದ ಅವರು ಏಳಲಿಲ್ಲ. ಟ್ರಕ್ಕು ಹತ್ತುವ ಮುನ್ನ ಪ್ರತಿ ಸಲ ಮುಂದೆ ಹೋಗಿ ಬಗ್ಗಿ ನೋಡುತ್ತೇನೆ. ಹತ್ತಿ ಕೂತ ಮೇಲೆ, ನೋಡಿ ಬಂದ ಆ ಅರ್ಧ ನಿಮಿಷದಲ್ಲಿ ಯಾರಾದರೂ ಬಂದು ಕೂತಿದ್ದರೆ ಎನಿಸಿ ಮತ್ತೆ ಇಳಿಯುತ್ತೇನೆ. "ಏನ್ ಬೀಳಿಸ್ಕೊಂಡೆ?" ಎಂದು ಇವರು ನಗುತ್ತಾರೆ. ಸಿಗ್ನಲ್ಲಿನಲ್ಲಿ ನಿಂತಾಗ ಶಾಲೆಯ ಮಕ್ಕಳು ಮುಂದಿನಿಂದ ದಾಟುತ್ತಾರೆ. ಒಂದು ತಲೆ ಬಾನೆಟ್ಟಿನ ಎಡ ಅಂಚಿನಲ್ಲಿ ಮುಳುಗುತ್ತದೆ. ಬಲ ಅಂಚಿನಲ್ಲಿ ಅದು ಏಳುವವರೆಗೆ ನನಗೆ ಉಸಿರಿಲ್ಲ. ಒಮ್ಮೆ ಒಂದು ತಲೆ ಏಳಲೇ ಇಲ್ಲ. ಹಸಿರು ಬಂತು, ಹಿಂದಿನವರು ಹಾರ್ನ್ ಬಾರಿಸಿದರು, ನಾನು ಗಾಡಿ ನಿಲ್ಲಿಸಿ ಇಳಿದೇಬಿಟ್ಟೆ. ಹುಡುಗಿ ಅರ್ಧ ದಾರಿಯಿಂದ ಹಿಂದಿರುಗಿ ಫುಟ್‌ಪಾತಿನಲ್ಲಿ ತಾಯಿಯ ಕೈ ಹಿಡಿದು ನಿಂತಿದ್ದಳು. ಆ ದಿನ ಮನೆಗೆ ಬಂದು ಗರಾಜಿನಲ್ಲಿ ಕೂತು ಅತ್ತುಬಿಟ್ಟೆ.

ಹೋದ ವರ್ಷ ಅತ್ತೆ ಮತ್ತೆ ಬಂದರು. ಮಣಿಕಟ್ಟು ಕೂಡಿಕೊಂಡಿತ್ತು, ಆದರೆ ಬೆರಳುಗಳು ಮೊದಲಿನಂತೆ ಪುಡಿ ಬಿಡುತ್ತಿರಲಿಲ್ಲ. ಎಳೆ ನಡುನಡುವೆ ತುಂಡಾಗುತ್ತಿತ್ತು. ಈಗ ಹಾಕುತ್ತಿದ್ದದ್ದು ವರಾಂಡದಲ್ಲಿ, ನಾನು ಹೇಳದಿದ್ದರೂ. ಟ್ರಕ್ಕಿನ ಮುಂದಿನಿಂದ ಅವರು ಹಾದುಹೋಗುತ್ತಲೇ ಇರಲಿಲ್ಲ, ಹಿಂಬದಿಯಿಂದ ಸುತ್ತಿ ಬರುತ್ತಿದ್ದರು. ಅಂದರೆ ಗೊತ್ತು ಎಂದು ಒಂದು ಮನಸ್ಸು. ಆ ಕಡೆ ನೆರಳಿದೆ, ಅದಕ್ಕೆ ಎಂದು ಇನ್ನೊಂದು.

ಟ್ರಕ್ಕು ನೋಡಲು ಹೊರಟ ಶನಿವಾರ "ನಾನೂ ಬರ್ತೀನಿ," ಎಂದರು. ಇವರಿಗೆ ಆಶ್ಚರ್ಯ. "ಅಮ್ಮ, ಅಲ್ಲಿ ನಿಂಗೆ ಬೋರಾಗತ್ತೆ." "ಆಗ್ಲಿ ಬಿಡು."

ಮೊದಲು ಬೀರು. ಅಂಗಡಿಯ ಅಂಗಳದಲ್ಲಿ ನಿಂತಿದ್ದ ಕಪ್ಪು ಗಾಡಿಗೆ ಮುಂದಿನ ನೆಲ ತೋರಿಸುವ ಕ್ಯಾಮೆರಾ ಇರಲಿಲ್ಲ, ಅದು ಮೇಲಿನ ದರ್ಜೆಗೆ ಮಾತ್ರವಂತೆ. ಇವರು ಮಾರಾಟದವನ ಜೊತೆ ಹಿಂಬದಿಯ ಬಾಗಿಲು ಇಳಿಸಿ ಏರಿಸಿ ನೋಡುತ್ತಿದ್ದರು. ನಾನು ಹತ್ತಿ ಕೂತು ಎಂಜಿನ್ ಚಾಲೂ ಮಾಡಿದೆ. ಹಳೆಯದಕ್ಕಿಂತ ಸೀಟು ಮೆತ್ತಗೆ, ಸದ್ದು ಕಡಿಮೆ. ಮುಂದೆ ಕಪ್ಪು ಮೈದಾನದಂಥ ಬಾನೆಟ್ಟು, ಅದರಾಚೆ ಬೇಲಿ, ಆಕಾಶ. ಸೀಟನ್ನು ಮೇಲಕ್ಕೇರಿಸಿ ನೋಡಿದೆ, ಬೇಲಿಯ ಬುಡ ಕಾಣಲಿಲ್ಲ. "ವ್ಯೂ ಸೂಪರ್ ಅಲ್ವಾ?" ಎಂದರು ಇವರು ಹಿಂದಿನಿಂದ. ಎಂಜಿನ್ ನಿಲ್ಲಿಸಿ ಇಳಿದೆ. ಅತ್ತೆ ಪಕ್ಕದಲ್ಲಿ ನಿಂತು ಸೀರೆಯ ಅಂಚಿನ ಧೂಳು ಕೊಡವುತ್ತಿದ್ದರು.

ಮಧ್ಯಾಹ್ನ ಗೂಳಿ. ಇಲ್ಲಿ ಕಂಬ ಎತ್ತಿಡಲು ಹಿಂಬದಿಗೆ ಮೆಟ್ಟಿಲೇ ಇಟ್ಟಿದ್ದರು. ನನಗೆ ಅದು ಇಷ್ಟವಾಯಿತು. ಮಾರಾಟದ ಹೆಂಗಸು ಮುಂದಿನ ಕ್ಯಾಮೆರಾದ ಗುಂಡಿ ತೋರಿಸಿಕೊಟ್ಟು, ಇವರ ಪ್ರಶ್ನೆಗಳಿಗೆ ಉತ್ತರಿಸಲು ಹಿಂದೆ ಹೋದಳು. ನಾನು ಕೂತು ಎಂಜಿನ್ ಚಾಲೂ ಮಾಡಿದೆ. ಬಾನೆಟ್ಟು ತುದಿಯಲ್ಲಿ ಬಾಗಿದ್ದರೂ ನೆಲ ಕಾಣುತ್ತಿದ್ದದ್ದು ಬಹಳ ದೂರದಲ್ಲಿ ಮಾತ್ರ. ನಡುವಿನ ಜಾಗ ಇಲ್ಲೂ ಮಾಯ. ಗುಂಡಿ ಒತ್ತಿದೆ.

ಡ್ಯಾಶ್‌ಬೋರ್ಡಿನ ಪರದೆಯ ಮೇಲೆ ಒಂದು ತಲೆ. ಬಿಳಿ ಕೂದಲು, ನಡುಬೈತಲೆ. ಕುಕ್ಕರಗಾಲಲ್ಲಿ ಬಂಪರಿಗೆ ಬೆನ್ನು ತಾಗುವಷ್ಟು ಹತ್ತಿರ ಕೂತಿದ್ದ ಒಬ್ಬ ಹೆಂಗಸು. ಮೂರು ವರ್ಷ ನಾನು ಬಗ್ಗಿ ಬಗ್ಗಿ ಹುಡುಕಿದ ಜಾಗದಲ್ಲೇ, ಹಾಗೆಯೇ. ತಲೆಯೆತ್ತಿ ಗಾಜಿನಾಚೆ ನೋಡಿದೆ, ಯಾರೂ ಇಲ್ಲ. ಪರದೆಯಲ್ಲಿ ಇದ್ದರು. ಎಂಜಿನ್ ಆರಿಸಿದ್ದು, ಇಳಿದದ್ದು, ಒಂದೂ ನೆನಪಿಲ್ಲ. ಬಂಪರಿನ ಮುಂದೆ ಬಂದು ನಿಂತಿದ್ದೆ.

"ಇದ್ರಲ್ಲಿ ಕಂಡೆನಾ?" ಎಂದರು ಅತ್ತೆ, ಏಳದೆ.

"ಕಂಡ್ರಿ," ಎಂದೆ.

"ಬೆಳಿಗ್ಗೆ ಆ ಕರೀ ಗಾಡಿ ಮುಂದೇನೂ ಕೂತಿದ್ದೆ. ಕೈಯೂ ಎತ್ತಿದೆ. ನೀನು ಈಗ ಬಂದ ಹಾಗೆ ಇಳಿದು ಓಡಿ ಬರ್ಲಿಲ್ಲ."

ಆಗ ನಾನು ಎಂಜಿನ್ ಚಾಲೂ ಮಾಡಿ ಕೂತಿದ್ದೆ. ಆ ಸೀಟು ಮೆತ್ತಗಿದೆ ಎಂದು ನೋಡುತ್ತಿದ್ದೆ. ಅವರ ಪಕ್ಕದಲ್ಲೇ ನೆಲದ ಮೇಲೆ ಕೂತುಬಿಟ್ಟೆ. "ಅತ್ತೆ, ಅವತ್ತು ನಾನೇ..." ಎಂದು ಶುರು ಮಾಡಿದೆ. ಅಳು ಬಂತು. ಅಷ್ಟರಲ್ಲಿ ಇವರು ಕಾಗದಗಳ ಕಟ್ಟು ಹಿಡಿದು ಬಂದು, ಹೆಂಡತಿಯೂ ತಾಯಿಯೂ ಟ್ರಕ್ಕಿನ ಮುಂದೆ ಡಾಂಬರಿನ ಮೇಲೆ ಕೂತಿರುವುದನ್ನು ಕಂಡು ಗಾಬರಿಯಾದರು. "ಏನಾಯ್ತು?"

ಹೇಳಿದೆ. ಅವತ್ತು ಅಮ್ಮ ಜಾರಲಿಲ್ಲ, ನಾನು ಗಾಡಿ ತಾಗಿಸಿದೆ, ಆಸ್ಪತ್ರೆಯಲ್ಲೂ ಸುಳ್ಳು ಹೇಳಿದೆ, ಎಲ್ಲ. ಮಾರಾಟದ ಹೆಂಗಸು ದೂರದಲ್ಲೇ ನಿಂತಳು. ಇವರು ನನ್ನನ್ನು ನೋಡಲಿಲ್ಲ, ತಾಯಿಯನ್ನೇ ನೋಡುತ್ತಿದ್ದರು.

"ನಿಂಗೆ ಗೊತ್ತಿತ್ತಾ ಅಮ್ಮ?"

"ಬೆನ್ನಿಗೆ ಬಡಿದದ್ದು ಗೊತ್ತಾಗಲ್ವೇನೋ."

"ಮತ್ತೆ ಯಾಕೆ ಹೇಳ್ಲಿಲ್ಲ?"

ಅತ್ತೆ ಬಂಪರು ಹಿಡಿದು ನಿಧಾನಕ್ಕೆ ಎದ್ದರು. ನನ್ನ ಕಡೆ ತಿರುಗಿದರು, ಮಾತು ಮಾತ್ರ ಮಗನಿಗೆ. "ಹಿಂದಿನ ದಿನ ಅಷ್ಟು ಜಗಳ ಆಡಿದ್ವಿ. ಏನಂತ ಹೇಳ್ಲೋ? ಅವತ್ತು ಇವಳಿಗೆ ನಾನು ಕಂಡಿದ್ನೋ ಇಲ್ವೋ, ಇವತ್ತು ಬೆಳಿಗ್ಗೆವರೆಗೂ ನನಗೇ ಗೊತ್ತಿರ್ಲಿಲ್ಲ."