ಐದೂವರೆಗೆ ಬಾಗಿಲು ತೆಗೆಯುವ ಅಕ್ಕ

ಬೆಳಗಿನ ಐದೂವರೆ. ಶಾಖಾ ಗ್ರಂಥಾಲಯದ ಮೆಟ್ಟಿಲ ಮೇಲೆ ಆಗಲೇ ಹದಿನಾಲ್ಕು ಮಂದಿ. ಒಬ್ಬಳು ಕಣ್ಣು ಮುಚ್ಚಿಕೊಂಡು ಯಾವುದೋ ಸೂತ್ರವನ್ನು ತುಟಿಯಲ್ಲೇ ಹೇಳಿಕೊಳ್ಳುತ್ತಿದ್ದಾಳೆ. ಕೀಲಿಗೊಂಚಲು ಹಿಡಿದು ಏದುಸಿರು ಬಿಡುತ್ತಾ ಬರುವ ಐವತ್ತೇಳರ ಹೆಂಗಸನ್ನು ಕಂಡು ಎಲ್ಲರೂ ಎದ್ದು ನಿಲ್ಲುತ್ತಾರೆ.

"ಜರುಗ್ರಪ್ಪಾ, ನಿಮ್ಮ ವಿದ್ಯೆಗಿಂತ ಮೊದ್ಲು ನನ್ನ ಪೊರಕೆ ಒಳಗೆ ಹೋಗ್ಬೇಕು."

ಹತ್ತೇ ನಿಮಿಷದಲ್ಲಿ ಕಸ ಹೊರಗೆ, ಮಕ್ಕಳು ಒಳಗೆ. ಇರುವುದು ನಲವತ್ತೆರಡು ಕುರ್ಚಿ. ಆರು ಗಂಟೆಯಾಗುವಷ್ಟರಲ್ಲಿ ಅವೆಲ್ಲ ಭರ್ತಿ. ತಡವಾಗಿ ಬಂದವರು ಕಪಾಟುಗಳ ನಡುವೆ ಕಾಲು ಮಡಚಿ ಕೂರುತ್ತಾರೆ.

ಇವರು ಇಲ್ಲಿಯ ಅಟೆಂಡರ್. ಕಸ ಗುಡಿಸುವುದು, ಪುಸ್ತಕದ ದೂಳು ಹೊಡೆಯುವುದು, ಓದಿ ಹರಡಿದ ಪತ್ರಿಕೆಗಳನ್ನು ಮಡಚಿಡುವುದು ಇಪ್ಪತ್ತೆರಡು ವರ್ಷದ ಕಾಯಕ. ಓದಿದ್ದು ಏಳನೇ ತರಗತಿ. ಚಿಕ್ಕವರಿಂದ ಹಿಡಿದು ಗ್ರಂಥಪಾಲಕರವರೆಗೆ ಎಲ್ಲರಿಗೂ 'ಅಕ್ಕ'.

ಗ್ರಂಥಾಲಯದ ವೇಳೆ ಎಂಟೂವರೆಯಿಂದ ಎಂದು ಫಲಕದಲ್ಲಿತ್ತು. ಆರು ವರ್ಷದ ಹಿಂದೆ ಒಂದು ದಿನ ಅಕ್ಕ ಗುಡಿಸಲು ಬೇಗ ಬಂದಾಗ, ಹುಡುಗಿಯೊಬ್ಬಳು ಮೆಟ್ಟಿಲ ಮೇಲೆ ಕೂತು, ಪುಸ್ತಕ ತೊಡೆಯ ಮೇಲಿಟ್ಟುಕೊಂಡು ಗೋಡೆಗೊರಗಿ ನಿದ್ದೆ ಹೋಗಿದ್ದಳು. "ಒಂದೇ ರೂಮಿನ ಮನೆ, ಏಳು ಜನ. ತಾತನಿಗೆ ಬೆಳಗಿನ ಜಾವ ಕೆಮ್ಮು ಶುರುವಾದ್ರೆ ನಿಲ್ಲೋದಿಲ್ವಂತೆ. ಒಳಗೆ ಬಾ ತಾಯಿ ಅಂದೆ. ಮಾರನೇ ದಿನ ಇಬ್ರು ಬಂದ್ರು. ಆಮೇಲೆ ನಂಗೆ ಬೇಡ ಅನ್ನೋಕೆ ಬಾಯೇ ಬರ್ಲಿಲ್ಲ." ಗ್ರಂಥಪಾಲಕರು ಕಂಡೂ ಕಾಣದಂತಿದ್ದುಬಿಟ್ಟರು.

ಎಡವಟ್ಟಾದದ್ದು ಈ ವರ್ಷ. ದಿನಕ್ಕೆ ಹನ್ನೊಂದು ಓದುಗರಷ್ಟೇ ಬರುವ ಶಾಖೆ ಬೇಡ, ಪುಸ್ತಕಗಳನ್ನು ಕೇಂದ್ರ ಗ್ರಂಥಾಲಯಕ್ಕೆ ಸಾಗಿಸಿ ಎಂದು ಗ್ರಂಥಾಲಯ ಇಲಾಖೆಯಿಂದ ಪತ್ರ ಬಂತು. ಲೆಕ್ಕ ತಪ್ಪಿರಲಿಲ್ಲ. ಹಾಜರಿ ಪುಸ್ತಕ ತೆರೆಯುವುದೇ ಎಂಟೂವರೆಗೆ. ಅಷ್ಟರಲ್ಲಿ ಮಕ್ಕಳೆಲ್ಲ ಶಾಲೆ, ಕಾಲೇಜಿನ ದಾರಿ ಹಿಡಿದಿರುತ್ತಾರೆ.

ಆದರೆ ಅಕ್ಕನ ಬಳಿ ಬೇರೊಂದು ಲೆಕ್ಕವಿತ್ತು. ಪುಸ್ತಕ ಕಾಣೆಯಾದರೆ ತನ್ನ ತಲೆಗೆ ಬರುತ್ತದೆಂದು, ಮುಂಜಾನೆ ಬಂದವರ ಹೆಸರನ್ನೆಲ್ಲ ಹಳೆ ಕ್ಯಾಲೆಂಡರಿನ ಹಿಂಬದಿಯಲ್ಲಿ ಬರೆಸಿಟ್ಟಿದ್ದರು. ಬಸ್ ಚಾಲಕರಾಗಿರುವ ಗಂಡ ಗಾಬರಿಯಾದರು. "ಅದನ್ನ ತೋರಿಸಿದ್ರೆ ನೀನೇ ಸಿಕ್ಕಿಬೀಳ್ತೀಯ. ಇನ್ನು ಮೂರು ವರ್ಷ ಸರ್ವೀಸಿದೆ, ಸುಮ್ನಿರು."

"ಎರಡು ದಿನ ಅದೇ ಯೋಚ್ನೆ ಮಾಡ್ದೆ," ಎನ್ನುತ್ತಾರೆ ಅಕ್ಕ. ಮೂರನೇ ದಿನ ತಪಾಸಣೆಗೆ ಬಂದ ಅಧಿಕಾರಿಯ ಮೇಜಿನ ಮೇಲೆ ಆರು ವರ್ಷದ ಕ್ಯಾಲೆಂಡರುಗಳನ್ನು ತಂದಿಟ್ಟರು.

"ಇದಕ್ಕೆ ಯಾರ ಅನುಮತಿ ಇತ್ತು?"

"ಯಾರದ್ದೂ ಇಲ್ಲ ಸಾರ್. ಕೀಲಿ ನನ್ನ ಕೈಲಿತ್ತು, ತೆಗೀತಿದ್ದೆ. ತಪ್ಪು ಅಂತ ಗೊತ್ತು."

ಅಧಿಕಾರಿ ಹಾಳೆ ತಿರುವಿದರು. ಕಂತೆಯನ್ನು ಕಂಕುಳಲ್ಲಿಟ್ಟುಕೊಂಡು ಹೊರಟೇಹೋದರು. ಮೂರು ವಾರ ಸುದ್ದಿಯಿಲ್ಲ.

ಅಷ್ಟರಲ್ಲಿ ಎಸ್ಸೆಸ್ಸೆಲ್ಸಿ ಪರೀಕ್ಷೆಯ ಫಲಿತಾಂಶ ಬಂತು. ಅಕ್ಕನ ಪಟ್ಟಿಯಲ್ಲಿದ್ದ ನಲವತ್ತಮೂರು ಮಂದಿ ಪರೀಕ್ಷೆ ಬರೆದಿದ್ದರು. ನಲವತ್ತೊಂದು ಮಂದಿ ಪಾಸು. ಊರಿಗೇ ಮೊದಲು ಬಂದವಳು ಕಿಟಕಿ ಪಕ್ಕದ ಮೂಲೆಯಲ್ಲಿ ಕೂರುತ್ತಿದ್ದ ದರ್ಜಿಯ ಮಗಳು. ಅಂದು ಮೆಟ್ಟಿಲ ಮೇಲೆ ನಿದ್ದೆ ಹೋಗಿದ್ದ ಹುಡುಗಿ ಈಗ ಆಸ್ಪತ್ರೆಯಲ್ಲಿ ಲ್ಯಾಬ್ ಟೆಕ್ನೀಷಿಯನ್. ಅವಳೇ ಮುಂದಾಗಿ ಎಲ್ಲರ ಅಂಕಪಟ್ಟಿಯ ಪ್ರತಿಗಳನ್ನು ಒಂದು ಮನವಿಗೆ ಲಗತ್ತಿಸಿ ಕಚೇರಿಗೆ ಮುಟ್ಟಿಸಿದಳು.

ಮುಂದಿನ ವಾರ ಅಕ್ಕನ ಹೆಸರಿಗೆ ಲಕೋಟೆ ಬಂತು. ಅನುಮತಿಯಿಲ್ಲದೆ ಬಾಗಿಲು ತೆರೆದದ್ದಕ್ಕೆ ಎಚ್ಚರಿಕೆ ಪತ್ರ. "ಓದಿ ಅಲ್ಲೇ ಕೂತ್ಬಿಟ್ಟೆ. ಹಿಂದೆ ಇನ್ನೊಂದು ಹಾಳೆ ಇದೆ ಅಂತ ನೋಡ್ಲೇ ಇಲ್ಲ." ಗ್ರಂಥಪಾಲಕರು ಕನ್ನಡಕ ಏರಿಸಿ ಎರಡನೆಯದನ್ನು ಓದಿ ಹೇಳಿದರು: ಶಾಖೆ ಇಲ್ಲೇ ಇರುತ್ತದೆ, ವಾಚನಾಲಯದ ವೇಳೆ ಇನ್ನು ಮುಂದೆ ಐದೂವರೆಯಿಂದ. ಅಕ್ಕ ಅತ್ತರು, ಆಮೇಲೆ ನಕ್ಕರು. ಅಂದು ಮಧ್ಯಾಹ್ನ ಮನೆಗೆ ಹೋಗಿ ಮಲಗಿದವರು ಸಂಜೆಯವರೆಗೂ ಏಳಲಿಲ್ಲವಂತೆ. "ಅಂಥ ನಿದ್ದೆ ಮಾಡಿ ಎಷ್ಟು ತಿಂಗಳಾಗಿತ್ತೋ," ಎನ್ನುತ್ತಾರೆ ಗಂಡ.

ಕಳೆದ ಭಾನುವಾರ ಪಾಸಾದವರಿಗೆಲ್ಲ ವಾಚನಾಲಯದಲ್ಲೇ ಸನ್ಮಾನ. ಹಿಂದೆ ನಿಂತು ನೀರು ಹಂಚುತ್ತಿದ್ದ ಅಕ್ಕನನ್ನು ಮಕ್ಕಳು ಕೈಹಿಡಿದು ಮುಂದಕ್ಕೆ ಎಳೆತಂದರು. ಮೈಕು ಕಂಡರೆ ಆಗದ ಅಕ್ಕ ಅದನ್ನು ಪಕ್ಕಕ್ಕೆ ಸರಿಸಿ ಇಷ್ಟೇ ಹೇಳಿದರು: "ಇನ್ನೂ ಇಬ್ರಿದ್ದಾರೆ. ನಾಚ್ಕೊಂಡು ಇವತ್ತು ಬಂದಿಲ್ಲ. ನಾಳೆ ಬರೋಕೆ ಹೇಳಿ, ಕುರ್ಚಿ ಹಿಡಿದಿಟ್ಟಿರ್ತೀನಿ."

ಸೋಮವಾರ ಒಬ್ಬ ಬಂದು ಕೂತ. ಇನ್ನೊಬ್ಬಳು ಬರದಿದ್ದಾಗ ಕೆಲಸ ಮುಗಿಸಿ ಅಕ್ಕನೇ ಅವಳ ಮನೆ ಹುಡುಕಿಕೊಂಡು ಹೋದರು. ಏನಾಯ್ತು ಎಂದು ಕೇಳಿದರೆ ಪತ್ರಿಕೆ ಮಡಚುತ್ತಲೇ ಉತ್ತರಿಸುತ್ತಾರೆ:

"ನಾಳಿದ್ದಿಂದ ಬರ್ತೀನಿ ಅಂದಿದ್ದಾಳೆ. ಬರ್ತಾಳೆ. ಅವಳಮ್ಮನ ಹತ್ರಾನೂ ಮಾತಾಡಿ ಬಂದಿದ್ದೀನಿ."