ಮೊದಲ ಕೂಗಿಗೇ ಓ ಎನ್ನುವವನು

ಕರೆದವರು ಹೆಸರನ್ನು ಪೂರ್ತಿ ಉಚ್ಚರಿಸುವ ಮೊದಲೇ 'ಓ' ಎಂದುಬಿಡುವುದು ನನ್ನ ಚಟ. ಇದನ್ನು ವಿನಯವೆಂದು ಭ್ರಮಿಸಬೇಡಿ. ವಿನಯ ನನ್ನ ಜಾತಕದಲ್ಲೇ ಇಲ್ಲ. ಪುಣೆಯ ಬಿಬವೇವಾಡಿಯ ನಮ್ಮ ಕಟ್ಟಡದಲ್ಲಿ ಗುರು ಎಂಬ ನಾಮಧೇಯದವರು ನಾನೂ ಸೇರಿ ಮೂವರಿದ್ದು, ಮೇಲಿನ ಮಹಡಿಯ ಗುರುವನ್ನು ಅವನ ಹೆಂಡತಿ ಹಾಲು ತರಲೆಂದು ಕೂಗಿದರೂ ಕೆಳಗಿನಿಂದ ಹೋಗುವ ಉತ್ತರ ನನ್ನದೇ. ಒಮ್ಮೆ ಬೀದಿಯ ತರಕಾರಿಯವನ ಕೂಗಿಗೂ ಓಗೊಟ್ಟೆ. "ನಿಮ್ಮನ್ನ ಅಲ್ರಿ, ಅಂವಾ ಮೆಂತ್ಯೆ ಅನ್ನಾಕತ್ತಾನ" ಎಂದು ನನ್ನ ಹೆಂಡತಿ ಬಿದ್ದುಬಿದ್ದು ನಕ್ಕಳು. ನಾನೂ ನಕ್ಕೆ, ಬಾಯಿಂದ ಮಾತ್ರ.

ಹುಟ್ಟಿನಿಂದ ಬಂದ ಚಟವಲ್ಲ ಇದು. ನನಗೆ ಸಿಕ್ಕ ಸಂಸ್ಕಾರ ಇದಕ್ಕೆ ಸಂಪೂರ್ಣ ವಿರುದ್ಧವಾದದ್ದು. ವಿಜಾಪುರದ ಕಡೆಯ ನಮ್ಮ ಹಳ್ಳಿಯಲ್ಲಿ, ದೀಪ ಹಚ್ಚಿದ ಮೇಲೆ ಹೊರಗಿನಿಂದ ಯಾರು ಕರೆದರೂ ಅವ್ವ ನನ್ನ ಬಾಯಿಗೆ ಕೈ ಅಡ್ಡ ಹಿಡಿಯುತ್ತಿದ್ದಳು. "ಮೂರು ಸಲ ಆಗೂತನಕ ಓ ಅನಬ್ಯಾಡ. ಅದಕ್ಕ ಎರಡ ಸಲ ಕರಿಯಾಕಷ್ಟ ಬರ್ತದ" ಎನ್ನುತ್ತಿದ್ದಳು. 'ಅದು' ಯಾವುದೆಂದು ಅವಳೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಮುಂದೆ ರಸಾಯನಶಾಸ್ತ್ರ ಓದಿ, ಕುರಕುಂಭದ ಕಾರ್ಖಾನೆಯೊಂದರ ಉಗ್ರಾಣದಲ್ಲಿ ಕೆಲಸ ಹಿಡಿದು, ಪುಣೆಯ ಕನ್ನಡಿಗರ ಸಭೆಯೊಂದರಲ್ಲಿ ಮೂಢನಂಬಿಕೆಯ ಮೇಲೆ ಮುಕ್ಕಾಲು ಗಂಟೆ ಭಾಷಣ ಬಿಗಿದು ಶಾಲು ಹೊದ್ದುಕೊಂಡವನು ನಾನು. ಶಾಲು ಇನ್ನೂ ಇದೆ, ಹೊದೆಯುವುದಿಲ್ಲ.

ಆ ಭಾಷಣಕ್ಕೆ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವರು ಶೀನ ಶೆಟ್ಟರು. ಕುಂದಾಪುರದ ಕಡೆಯಿಂದ ಬಂದು ಸಾತಾರಾ ರಸ್ತೆಯಲ್ಲಿ ಹೋಟೆಲು ನಡೆಸುತ್ತಿದ್ದವರು. ಅವರಿಗೆ ಸಕ್ಕರೆ ಕಾಯಿಲೆ, ನನಗೆ ಕಾರ್ಖಾನೆಯ ಹೊಗೆ ಕುಡಿದ ಶ್ವಾಸಕೋಶ. ಎರಡು ವ್ಯಾಧಿಗಳು ಸೇರಿ ಒಂದು ಸ್ನೇಹವಾಯಿತು. ಮೊದಲು ಪರ್ವತಿ ಬೆಟ್ಟ ಹತ್ತಿಳಿದೆವು, ಆಮೇಲೆ ಓಡಿದೆವು, ಕಾಲುಗಳಿಗಿಂತ ಬೇಗ ಅಹಂಕಾರ ಬಲಿತದ್ದರಿಂದ ಕಾತ್ರಜದಿಂದ ಸಿಂಹಗಡದವರೆಗೆ ಗುಡ್ಡದಿಂದ ಗುಡ್ಡಕ್ಕೆ ಓಡುವ ಸಂಕಲ್ಪ ಮಾಡಿದೆವು. ಮೊಬೈಲು ಆಗಷ್ಟೇ ಜೇಬುಗಳಿಗೆ ಬರುತ್ತಿದ್ದ ಕಾಲ. ಗುಡ್ಡದ ಮೇಲೆ ಅದು ಬರೀ ಭಾರ.

ಡಿಸೆಂಬರಿನ ಆ ಭಾನುವಾರ ಹೋಟೆಲಿನಲ್ಲಿ ಊಟದ ಗಿರಾಕಿಗಳು ಮುಗಿಯದೆ ಶೆಟ್ಟರು ಓಟ ಶುರುಮಾಡಬೇಕಿದ್ದ ಕಾತ್ರಜದ ಹಳೆಯ ಸುರಂಗದ ಬಳಿ ಬಂದಾಗ ಮೂರು ದಾಟಿತ್ತು. ಹಿಂದಿರುಗಬೇಕಿತ್ತು. ಆದರೆ ಸಿಂಹಗಡದ ಕೋಟೆಯ ಮೇಲೆ ಸಿಗುವ ಬಿಸಿ ಭಾಕರಿ ರೊಟ್ಟಿ, ಕುಡಿಕೆಯ ಮೊಸರು ನಮ್ಮ ವಿವೇಕವನ್ನು ಸುಲಭವಾಗಿ ಸೋಲಿಸಿದವು. ಇಬ್ಬರಿಗೂ ಸೇರಿ ಒಂದೇ ಟಾರ್ಚು, ಅದು ನನ್ನ ಸೊಂಟದ ಚೀಲದಲ್ಲಿ. ಐದಾರು ಗುಡ್ಡ ಕಳೆಯುವಷ್ಟರಲ್ಲಿ ಶೆಟ್ಟರು ಹಿಂದೆ ಬಿದ್ದರು. ಓದುಗ ಮಹಾಶಯರೇ, ಆಗ ನಿಲ್ಲಬೇಕಾದವನು ನಿಲ್ಲಲಿಲ್ಲ, ಯಾಕೆಂದರೆ ಮುಂದಿರುವುದು ಬಹಳ ಹಿತವಾಗಿತ್ತು. ಮುಂದಿನ ನೆತ್ತಿಯಲ್ಲಿ ಕುಳಿತು ಕಾದೆ. ಸೂರ್ಯ ಮುಳುಗಿದ, ಶೆಟ್ಟರು ಬರಲಿಲ್ಲ. ಟಾರ್ಚು ಹಿಡಿದು ಹಿಂದಕ್ಕೆ ಇಳಿದೆ, ಹೆಸರು ಹಿಡಿದು ಏಳೆಂಟು ಸಲ ಕೂಗಿದೆ. ಉತ್ತರವಿಲ್ಲ. ಜಾಣ ಮನುಷ್ಯ, ತಿರುಗಿ ಹೋಗಿರಬೇಕೆಂದು ನನಗೆ ನಾನೇ ಹೇಳಿಕೊಂಡೆ. ಅಷ್ಟರಲ್ಲಿ ಒಣಹುಲ್ಲಿನ ನಡುವೆ ದಾರಿ ತಪ್ಪಿತ್ತು, ಟಾರ್ಚಿನ ಬೆಳಕು ಹಳದಿಗೆ ತಿರುಗಿತ್ತು. ಬಂಡೆಯೊಂದರ ಮರೆಯಲ್ಲಿ ಕುಳಿತು ಅದನ್ನು ಆರಿಸಿದೆ.

ಬೆವರಿನ ಅಂಗಿ ಮೈಮೇಲೆಯೇ ತಣ್ಣಗಾಗುವ ಸುಖವನ್ನು ಶತ್ರುವಿಗೂ ಬಯಸಲಾರೆ. ದೂರದಲ್ಲಿ ಪುಣೆಯ ದೀಪಗಳೆಲ್ಲ ಕಾಣುತ್ತಿದ್ದವು, ಒಂದೂ ಉಪಯೋಗಕ್ಕಿರಲಿಲ್ಲ. ನಡುರಾತ್ರಿಯ ಸುಮಾರಿಗೆ, ಗಾಳಿ ಕೊಂಚ ತಗ್ಗಿದಾಗ, ಕೆಳಗಿನಿಂದ ಸ್ಪಷ್ಟವಾಗಿ ಬಂತು: "ಗುರಣ್ಣಾ."

ಬಾಯಿ ತೆರೆದೆ. ಅವ್ವನ ಕೈ ಬಂದು ಮುಚ್ಚಿತು. ನಲವತ್ತೆರಡರ ವಯಸ್ಸು, ರಸಾಯನಶಾಸ್ತ್ರದ ಪದವಿ, ಮೂಢನಂಬಿಕೆಯ ಮೇಲಿನ ಮುಕ್ಕಾಲು ಗಂಟೆ ಎಲ್ಲವೂ ಬಂಡೆಯ ಮರೆಯಲ್ಲಿ ಮುದುಡಿಕೊಂಡವು. ಶೆಟ್ಟರು ಮನೆಗೆ ಹೋಗಿದ್ದಾರಲ್ಲ, ಹಾಗಾದರೆ ಇದು ಯಾರು? ಎರಡನೆಯ ಸಲವೂ ಬಂತು, ಮೊದಲಿಗಿಂತ ಕ್ಷೀಣವಾಗಿ. ನಾನು ಹಲ್ಲು ಕಚ್ಚಿ ಮೂರನೆಯದಕ್ಕೆ ಕಾದೆ. ಅದು ಬರಲಿಲ್ಲ. ಆಗ ನನಗೆ ಆದದ್ದು ದುಃಖವಲ್ಲ, ಸಮಾಧಾನ. ಸದ್ಯ, ಓ ಅನ್ನಲಿಲ್ಲ ಎಂದುಕೊಂಡೆ. ಬೆಳಗಿನ ಜಾವ ತುಸು ನಿದ್ದೆಯನ್ನೂ ಮಾಡಿದೆ.

ಬೆಳಕು ಹರಿದಾಗ ನೋಡಿದರೆ, ನಾನು ಕುಳಿತ ಜಾಗದಿಂದ ಎಸೆದ ಕಲ್ಲು ಬೀಳುವಷ್ಟು ಕೆಳಗೆ ಶೆಟ್ಟರು ಬಿದ್ದಿದ್ದರು. ಸಂಜೆ ಜಾರಿ, ತಲೆಗೆ ಪೆಟ್ಟಾಗಿ, ನಡುರಾತ್ರಿಯವರೆಗೆ ಪ್ರಜ್ಞೆ ಇರಲಿಲ್ಲವಂತೆ. ಬಲಗಾಲು ಎರಡು ಕಲ್ಲುಗಳ ನಡುವೆ ಸಿಕ್ಕಿ ಮುರಿದು ನೀಲಿಗಟ್ಟಿತ್ತು. ಕುರಿ ಕಾಯುವವರು ನಾಲ್ವರು ಕಂಬಳಿಯಲ್ಲಿ ಹೊತ್ತು ಇಳಿಸಿದರು. ರಾತ್ರಿಯೇ ಕಲ್ಲು ಸರಿಸಿದ್ದರೆ ಕಾಲು ಉಳಿಯುತ್ತಿತ್ತೇನೋ, ಸಕ್ಕರೆ ಬೇರೆ ಇದೆ, ಹೇಳಲಾಗದು ಎಂದರು ಡಾಕ್ಟರು. ಮೊಣಕಾಲ ಕೆಳಗೆ ಕತ್ತರಿಸಿದರು. ಶೆಟ್ಟರ ಹೆಂಡತಿ ಆಸ್ಪತ್ರೆಯ ಮೆಟ್ಟಿಲ ಮೇಲೆ, ಇವರು ಕೂಗಿದ್ದು ನಿಮಗೆ ಕೇಳಿಸಲಿಲ್ಲವೇ ಎಂದು ಕೇಳಿದಾಗ, ಗಾಳಿ ಜೋರಿತ್ತು ಎಂದೆ.

ಆ ಸುಳ್ಳನ್ನು ಅಲ್ಲಿಂದ ಮುಂದೆ ಸಾಕಿದವರು ಸ್ವತಃ ಶೆಟ್ಟರು. ಮರದ ಕಾಲು ಕಟ್ಟಿಕೊಂಡು ಗಲ್ಲಾದ ಹಿಂದೆ ಕುಳಿತು, ಕೇಳಿದವರಿಗೆಲ್ಲ, ಗಾಳಿ ಮಾರಾಯ್ರೆ, ಪಾಪ ಗುರಣ್ಣನಿಗೆ ಕೇಳಲೇ ಇಲ್ಲ ಎಂದು ನನ್ನ ಪರ ವಕಾಲತ್ತು ಮಾಡುತ್ತಿದ್ದರು. ಮೂರು ವರ್ಷ ತಲೆ ತಗ್ಗಿಸಿ ಕೇಳಿದೆ. ಕೊನೆಗೊಂದು ಮಧ್ಯಾಹ್ನ, ಗಿರಾಕಿಗಳಿಲ್ಲದ ಹೊತ್ತು ನೋಡಿ ಎದುರು ಕುಳಿತೆ.

"ಶೆಟ್ರ, ನನಗ ಕೇಳಿಸಿತ್ತರಿ. ಎರಡೂ ಸಲ ಕೇಳಿಸಿತ್ತು. ಮೂರನೇದಕ್ಕ ಕಾಯಕೋತ ಕುಂತೆ."

ಅವರು ನನ್ನ ಮುಖವನ್ನೇ ನೋಡಲಿಲ್ಲ. ಗಲ್ಲಾದ ಮೇಲಿನ ಸೋಂಪಿನ ಬಟ್ಟಲನ್ನು ಸರಿಯಾಗಿದ್ದರೂ ಸರಿಮಾಡಿದರು.

"ನಂಗೆ ಗೊತ್ತುಂಟು ಗುರಣ್ಣ. ಬೆಳಿಗ್ಗೆ ನೀವು ಎದ್ದು ಬಂದದ್ದು ಎಲ್ಲಿಂದ ಅಂತ ನೋಡಿದ್ದೇನಲ್ಲ. ನಮ್ಮ ಅಮ್ಮನೂ ಮೂರು ಸಲ ಕರೆಯುವ ತನಕ ಓ ಅನ್ಬಾರ್ದು ಅಂತ್ಲೇ ಹೇಳ್ತಿದ್ದದ್ದು. ಆ ರಾತ್ರಿ ನೀವು ಹತ್ತಿರ ಇದ್ರೆ, ಇನ್ನೊಂದು ಸಲ ಕರೆದ್ರೆ ಬರ್ತೀರಿ ಅಂತ ಗೊತ್ತಿತ್ತು. ಬಾಯಿ ತೆರೆದೆ. ಸ್ವರವೇ ಬರ್ಲಿಲ್ಲ ಮಾರಾಯ್ರೆ."

ಅಷ್ಟು ಹೇಳಿ ಚಹಾ ತರಿಸಿದರು. ನಾನು ಅತ್ತೆ, ಅವರು ತಡೆಯಲಿಲ್ಲ. ಗಾಳಿಯ ವಿಷಯವನ್ನು ಅವರು ಮತ್ತೆ ಯಾರಿಗೂ ಹೇಳಿದ್ದು ನಾನು ಕೇಳಿಲ್ಲ.

ಆದ್ದರಿಂದ ನಾನು ತರಕಾರಿಯವನಿಗೆ ಓ ಎಂದರೆ ನನ್ನ ಹೆಂಡತಿಯಂತೆ ನೀವೂ ನಕ್ಕುಬಿಡಿ, ಅಡ್ಡಿಯಿಲ್ಲ. ಹೋಟೆಲಿಗೆ ಈಗಲೂ ಹೋಗುತ್ತೇನೆ. ಬಾಗಿಲಲ್ಲಿ ನನ್ನನ್ನು ಕಂಡೊಡನೆ ಶೆಟ್ಟರು ಗಲ್ಲಾದಿಂದ ಗುರಣ್ಣಾ ಎಂದು ಕೂಗುತ್ತಾರೆ. ಹೊಸ್ತಿಲು ದಾಟುವ ಮೊದಲೇ ನಾನು ಓ ಎನ್ನುತ್ತೇನೆ. ಅವರು ನಿಲ್ಲಿಸುವುದಿಲ್ಲ. ಎರಡನೆಯ ಸಲ ಕೂಗುತ್ತಾರೆ. ಕೊಂಚ ಉಸಿರು ತೆಗೆದುಕೊಂಡು ಮೂರನೆಯದನ್ನೂ ಕೂಗಿ ಮುಗಿಸುತ್ತಾರೆ. ಕುಳಿತುಕೊಳ್ಳಿ ಎನ್ನುವುದು ಆಮೇಲೆ.