ನನ್ನ ಪಕ್ಕದ ಸೀಟು

ಯಾದಗಿರಿಯ ಶೋರೂಮಿನಲ್ಲಿ ನನಗೆ ಬಂದ ಮೊದಲ ಪ್ರಶ್ನೆ ಕಾರಿನದಾಗಿರಲಿಲ್ಲ. ಟೈ ಕಟ್ಟಿದ್ದ ಸೇಲ್ಸ್‌ಮನ್ ನನ್ನ ಮುಖ ನೋಡಿದ, ಆಮೇಲೆ ನನ್ನ ಬೆನ್ನ ಹಿಂದಿನ ಗಾಜಿನ ಬಾಗಿಲು ನೋಡಿದ.

"ಸರ್ ಬಂದಿಲ್ಲೇನ್ರಿ ಮೇಡಂ?"

"ಸರ್ ಬರಂಗಿಲ್ಲಪ್ಪ. ತಗೊಳ್ಳಾಕೀನೂ ನಾನ, ಓಡ್ಸಾಕೀನೂ ನಾನ. ನನಗ ತೋರ್ಸು" ಎಂದೆ.

ಪಾಪ, ಅವನು ಗಾಬರಿಯಾಗಿ ನೇರ ಕಾರಿನ ನೆತ್ತಿಗೆ ಹೋದ. ಗುಂಡಿ ಒತ್ತಿದರೆ ಮೇಲಿನ ಗಾಜು ಸರಿದು ಆಕಾಶ ಕಾಣುತ್ತಿತ್ತು. ಈ ಬೆಲೆಯ ಗಾಡಿಗಳಲ್ಲಿ ಇದೇ ದೊಡ್ಡ ಫೀಚರ್ ಅಂತೆ. ಹೊರಗೆ ಏಪ್ರಿಲ್ ತಿಂಗಳ ಬಿಸಿಲು ಡಾಂಬರನ್ನು ಕರಗಿಸುತ್ತಿತ್ತು.

"ಯಾದಗಿರಿ ಬಿಸಲಿಗೆ ನೆತ್ತಿ ಮ್ಯಾಲ ಮತ್ತೊಂದು ಕಿಂಡಿ ಬೇಕೇನೋ ತಮ್ಮಾ? ಮುಚ್ಚು ಅದನ್ನ ಜಲ್ದಿ. ಬ್ರೇಕ್ ಹೆಂಗದ, ಅದನ್ನ ಹೇಳು."

ಬ್ರೇಕಿನ ವಿಷಯ ಅವನಿಗಿಂತ ನನಗೇ ಹೆಚ್ಚು ಗೊತ್ತಿತ್ತು ಅನ್ನಿ. ಗಂಡ ತೀರಿಕೊಂಡ ಮೇಲೆ ಸುರಪುರದ ನನ್ನ ಮನೆಯಲ್ಲಿ ಸಂಜೆ ಹೊತ್ತು ಸದ್ದು ಮಾಡುತ್ತಿದ್ದದ್ದು ಗಾಡಿಗಳ ವಿಡಿಯೊ ಮಾತ್ರ. ರೊಟ್ಟಿ ತಿನ್ನುತ್ತಾ ಮೊಬೈಲಿನಲ್ಲಿ ಅದನ್ನೇ ನೋಡುತ್ತಿದ್ದೆ: ಕಾರು ಗೋಡೆಗೆ ಹೋಗಿ ಗುದ್ದುವುದು, ಒಳಗಿನ ಗೊಂಬೆಯ ತಲೆ ಮುಂದಕ್ಕೆ ಬಂದು ಬಿಳಿ ಚೀಲದಲ್ಲಿ ಹೂತುಹೋಗುವುದು. ಬೆಲ್ಟ್ ಇಲ್ಲದ ಗೊಂಬೆ ಎಲ್ಲಿಗೆ ಹಾರುತ್ತದೆ, ಇದ್ದ ಗೊಂಬೆ ಎಲ್ಲಿ ನಿಲ್ಲುತ್ತದೆ, ಎಲ್ಲ ಬಾಯಿಪಾಠವಾಗಿತ್ತು. ಊರು ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರಂತೆ, ಹಾಗಾಗಿತ್ತು ನನ್ನ ಬುದ್ಧಿ.

ನನ್ನ ಗಂಡ ನಾರಾಯಣಪುರದಲ್ಲಿ ನೀರಾವರಿ ಇಲಾಖೆಯ ಗುಮಾಸ್ತರಾಗಿದ್ದರು. ಅಲ್ಲಿ ಕ್ವಾರ್ಟರ್ಸ್, ಶನಿವಾರ ಬೈಕಿನಲ್ಲಿ ಮನೆಗೆ. ಒಂದು ಶನಿವಾರ ಮುಸ್ಸಂಜೆ, ಹತ್ತಿ ಹೇರಿಕೊಂಡು ರಸ್ತೆಯ ಮೇಲೇ ನಿಂತಿದ್ದ ಟ್ರ್ಯಾಲಿಯ ಹಿಂಬದಿಗೆ ಹೋಗಿ ಬಡಿದರು. ಟ್ರ್ಯಾಲಿಗೆ ಹಿಂದೆ ದೀಪವಿರಲಿಲ್ಲ. ಹೆಲ್ಮೆಟ್ ಇತ್ತು, ಬೈಕಿನ ಕನ್ನಡಿಗೆ ತೂಗುಬಿದ್ದಿತ್ತು. ಎಷ್ಟು ಸಲ ಜಗಳಾಡಿದ್ದೆ ನಾನು! "ತಲಿ ಸೆಕೀತದ" ಅನ್ನುವುದೊಂದೇ ಅವರ ಉತ್ತರ. ಈಗಲೂ ನೆನೆದರೆ ಅಳುವಿಗಿಂತ ಮೊದಲು ಸಿಟ್ಟು ಬರುತ್ತದೆ.

ಅದಕ್ಕೇ ಆ ಗಾಡಿ ತೆಗೆದುಕೊಂಡೆ. ಉದ್ದ ಕಡಿಮೆ, ನಮ್ಮ ಓಣಿಯಲ್ಲಿ ತಿರುಗುತ್ತದೆ. ನೆಲದಿಂದ ಎತ್ತರ ಹೆಚ್ಚು, ಕಾಲುವೆ ದಂಡೆಯ ಕರಿಮಣ್ಣಿನ ದಾರಿಯಲ್ಲಿ ಹೊಟ್ಟೆ ತಾಗುವುದಿಲ್ಲ. ಆರು ಏರ್‌ಬ್ಯಾಗ್. ಗೇರು ತಾನೇ ಬದಲಾಗುತ್ತದೆ, ಏರಿನಲ್ಲಿ ನಿಲ್ಲಿಸಿದರೆ ಹಿಂದಕ್ಕೆ ಜಾರುವುದಿಲ್ಲ. ಬ್ರೇಕ್ ಜೋರಾಗಿ ಒತ್ತಿದರೂ ಗಾಲಿ ಕಚ್ಚಿಕೊಂಡು ಅಡ್ಡ ತಿರುಗುವುದಿಲ್ಲ. ಇಷ್ಟೆಲ್ಲ ಕೇಳಿ ಸೇಲ್ಸ್‌ಮನ್ ಸುಸ್ತಾಗಿ, "ಮೇಡಂ, ಕಲರ್ ಯಾವ್ದ್ರಿ?" ಎಂದ. ಬಣ್ಣದ ಯೋಚನೆಯನ್ನೇ ನಾನು ಮಾಡಿರಲಿಲ್ಲ. "ದೂರದಿಂದ ಕಾಣೂದು ಕೊಡಪ್ಪ" ಅಂದೆ. ಕೆಂಪು ಕೊಟ್ಟ.

ಪೂಜೆಗೆ ವನದುರ್ಗದಿಂದ ನನ್ನ ಅತ್ತೆ, ಮೈದುನ, ನೆಗೆಣ್ಣಿ ಬಂದರು. ನನಗೆ ಮಕ್ಕಳಿಲ್ಲ, ತವರಿನಲ್ಲೂ ಯಾರೂ ಉಳಿದಿಲ್ಲ. ನನ್ನವರು ಅಂದರೆ ಆ ಮೂವರೇ, ಅದರಲ್ಲೂ ಅತ್ತೆ. ಕಾಗದದಲ್ಲಿ ನನ್ನ ಹೆಸರಿದ್ದರೇನು, ಕಾರಿಗೆ ಆರತಿ ಎತ್ತಲು ಗಂಡನಿದ್ದ ಹೆಂಗಸೇ ಬೇಕಲ್ಲ. "ಟೀಚರ್, ನೀವು ಜರಾ ಹಿಂದ ನಿಂದರ್ರಿ" ಎಂದು ಪಕ್ಕದ ಮನೆಯವರು ಹೇಳಿದರು. ನನ್ನ ಗಾಡಿಯ ಪೂಜೆಯನ್ನು ನಾನು ಡಿಕ್ಕಿಯ ಹಿಂದೆ ನಿಂತು ನೋಡಿದೆ. ಮೈಯೆಲ್ಲ ಉರಿಯುತ್ತಿತ್ತು.

ಗಾಲಿಗಳ ಕೆಳಗೆ ನಿಂಬೆಹಣ್ಣು ಇಟ್ಟಾಗ ಅತ್ತೆ ಒಳಗೆ ಹೋಗಿ ಗೋಡೆಯ ಮೇಲಿದ್ದ ಮಗನ ಪಟ ಇಳಿಸಿಕೊಂಡು ಬಂದರು. ಸಾಗುವಾನಿ ಚೌಕಟ್ಟು, ದಪ್ಪ ಗಾಜು, ಎತ್ತಲು ಎರಡು ಕೈ ಬೇಕು. "ಮೊದಲ ನನ್ನ ಮಗ ಕುಂದರ್ಲಿ" ಎಂದು ಅದನ್ನು ನನ್ನ ಪಕ್ಕದ ಸೀಟಿನಲ್ಲಿಟ್ಟರು. ಪಟ ಬೀಳದ ಹಾಗೆ ಅದರ ಬುಡಕ್ಕೆ ಅಕ್ಕಿ, ತೆಂಗಿನಕಾಯಿ ಕಟ್ಟಿದ ಗಂಟನ್ನು ಒತ್ತರಿಸಿದರು.

ನಾನು ಗಾಡಿ ಚಾಲೂ ಮಾಡಿದೆ. ಓಣಿ ದಾಟುವುದರೊಳಗೆ ಟಿಂಗ್, ಟಿಂಗ್, ಟಿಂಗ್ ಎಂದು ಗಂಟೆ ಹೊಡೆಯತೊಡಗಿತು. ಕೆಂಪು ದೀಪವೂ ಮಿಣುಕಿತು. ಪಕ್ಕದ ಸೀಟಿನ ಮೇಲೆ ಭಾರ ಬಿದ್ದು ಬೆಲ್ಟ್ ಹಾಕದಿದ್ದರೆ ಅದು ಹಾಗೆ ಬಡಿದುಕೊಳ್ಳುತ್ತದೆ. ಪಟಕ್ಕೂ ಗಂಟಿಗೂ ಅಷ್ಟು ಭಾರವಿತ್ತು. ಹೊಸ ಗಾಡಿ ಈಗಲೇ ಕೆಟ್ಟಿತೇ ಎಂದು ಹಿಂದಿನ ಸೀಟಿನಲ್ಲಿ ಮೈದುನ ಹೌಹಾರಿದ. ಗಂಟೆ ಯಾಕೆ ಹೊಡೆಯುತ್ತದೆಂದು ನಾನು ಹೇಳಿದೆ: ಸೀಟಿನಲ್ಲಿ ಯಾರೋ ಕುಳಿತಿದ್ದಾರೆಂದು ಗಾಡಿ ತಿಳಿದಿದೆ, ಬೆಲ್ಟ್ ಹಾಕು ಅನ್ನುತ್ತಿದೆ.

ಅತ್ತೆ ಎರಡೂ ಕೈ ಜೋಡಿಸಿದರು. "ಗಾಡಿಗೂ ಗೊತ್ತಾತು ನೋಡ್ರಿ. ನನ್ನ ಮಗ ಬಂದು ಕುಂತಾನ."

ಭಾರದ ಲೆಕ್ಕವನ್ನು ಅವರ ಮುಂದೆ ಬಿಡಿಸಿ ಹೇಳಲು ನನಗೆ ಬಾಯಿ ಬರಲಿಲ್ಲ. ಗಾಡಿ ನಿಲ್ಲಿಸಿ, ಬಾಗಿ, ಬೆಲ್ಟ್ ಎಳೆದು ಪಟಕ್ಕೆ ಹಾಕಿದೆ. ಗಂಟೆ ನಿಂತಿತು.

ಅಂದಿನಿಂದ ಅದು ನನ್ನ ಗಂಡನ ಜಾಗವಾಯಿತು. ಪಟ ಅಲ್ಲೇ ಉಳಿಯಿತು, ಬೆಲ್ಟ್ ಬಿಚ್ಚಲಿಲ್ಲ. ಯಾರೇ ಹತ್ತಲಿ, ಮುಂದಿನ ಬಾಗಿಲು ತೆರೆದು, ಪಟ ನೋಡಿ, ಮೆಲ್ಲಗೆ ಮುಚ್ಚಿ ಹಿಂದೆ ಹೋಗಿ ಕೂರುತ್ತಿದ್ದರು. ನಾನು ಕಲಿಸುವುದು ಶಹಾಪುರದ ಹೈಸ್ಕೂಲಿನಲ್ಲಿ. ನಮ್ಮ ಹಿಂದಿ ಟೀಚರ್ ದಿನಾ ಸುರಪುರದಿಂದ ನನ್ನ ಜೊತೆ ಬರುತ್ತಾರೆ. ಅವರನ್ನು ಮುಂದೆ ಕರೆದರೆ, "ಬ್ಯಾಡ್ರಿ ಮೇಡಂ, ಅದು ಸರ್ ಜಾಗ" ಅನ್ನುತ್ತಿದ್ದರು. ಗೌರವದ ಮಾತೇ. ಆದರೆ ಗೌರವ ಕೊಡುವವರೆಲ್ಲ ನನ್ನ ಬೆನ್ನ ಹಿಂದೆ ಕೂತರೆ ನಾನು ಯಾರ ಮುಖ ನೋಡಲಿ? ಮಾತಾಡಬೇಕೆಂದರೆ ಕನ್ನಡಿಗೆ ಮಾತಾಡಬೇಕು. ಅವರು ಮೊಬೈಲ್ ತೀಡುತ್ತಿದ್ದರು. ನಾನು ಸಂಬಳವಿಲ್ಲದ ಡ್ರೈವರ್ ಆಗಿದ್ದೆ.

ಗಾಡಿ ಮಾತ್ರ ಬಂಗಾರ. ಹತ್ತಿಗೂಡೂರು ದಾಟಿದ ಮೇಲೆ ರಸ್ತೆ ಖಾಲಿ ಸಿಕ್ಕರೆ ಕಾಲಿಟ್ಟ ಕೂಡಲೇ ಮುಂದಕ್ಕೆ ಚಿಮ್ಮುತ್ತದೆ, ಮುಂದಿನ ಲಾರಿಯನ್ನು ಹಿಂದೆ ಹಾಕುವಾಗಲೂ ಎದೆ ಹೊಡೆದುಕೊಳ್ಳುವುದಿಲ್ಲ. ಶಹಾಪುರದ ಗುಡ್ಡ ಕಾಣುವಾಗ ಎಷ್ಟೋ ಸಲ, "ಅಲ್ನೋಡ್ರಿ, ಮ್ಯಾಲ ಮೋಡ ಹೆಂಗ ಕುಂತದ" ಅಂದುಬಿಡುತ್ತಿದ್ದೆ. ಪಟ ಏನು ಹೇಳೀತು? ಬದುಕಿದ್ದಾಗ ಅವರು ಇಂಥದಕ್ಕೆ "ಹೂಂ" ಆದರೂ ಅನ್ನುತ್ತಿದ್ದರು. ಒಂಟಿ ಮನೆಗಿಂತ ಆ ಗಾಡಿಯೇ ನನಗೆ ಹೆಚ್ಚು ಒಂಟಿ ಅನ್ನಿಸತೊಡಗಿತು. ಮನೆಯಲ್ಲಿ ಪಕ್ಕಕ್ಕೊಂದು ಕುರ್ಚಿ ಹಾಕಿ ಅದನ್ನು ಸತ್ತವರಿಗೆ ಮೀಸಲಿಟ್ಟು ಯಾರೂ ಬದುಕುವುದಿಲ್ಲ. ನನ್ನ ಆಸೆ ಏನು ದೊಡ್ಡದೇ? ಆ ಸೀಟಿನಲ್ಲಿ ಉಸಿರಾಡುವ ಒಬ್ಬ ಮನುಷ್ಯ ಕೂರಬೇಕು, ಅಷ್ಟೇ.

ಒಮ್ಮೆ ಪಟ ತೆಗೆದು ಮನೆಯ ಗೋಡೆಗೆ ಹಾಕಿದೆ. ಅದೇ ವಾರ ಮೈದುನ ಬಂದು ನೋಡಿಕೊಂಡು ಹೋದ. ಅತ್ತೆ ನನ್ನ ಫೋನು ಎತ್ತುವುದನ್ನೇ ಬಿಟ್ಟರು. ನೆಗೆಣ್ಣಿ ಎತ್ತಿ, "ಅತ್ತಿ ಮಲಗ್ಯಾರಕ್ಕ" ಅನ್ನುತ್ತಿದ್ದಳು, ಹಿಂದೆ ಅತ್ತೆ ಕೆಮ್ಮುವುದು ಕೇಳಿಸುತ್ತಿತ್ತು. ಸೀಟು ಬೇಕೆಂದರೆ ಅತ್ತೆ ಹೋಗುತ್ತಾರೆ, ಅತ್ತೆ ಬೇಕೆಂದರೆ ಸೀಟು ಹೋಗುತ್ತದೆ. ನಾನು ಪಟವನ್ನು ಮತ್ತೆ ಸೀಟಿಗೆ ತಂದು, ಗಂಟು ಒತ್ತರಿಸಿ, ಬೆಲ್ಟ್ ಹಾಕಿದೆ. ಅತ್ತೆ ಫೋನು ಎತ್ತಿದರು.

ಮಳೆಗಾಲ ಮುಗಿದ ಮೇಲೆ ಅತ್ತೆಯ ಕಣ್ಣಿಗೆ ಪೊರೆ ಬಂತು. ಯಾದಗಿರಿಯ ಕಣ್ಣಿನ ಡಾಕ್ಟರಿಗೆ ತೋರಿಸಲು ನಾನೇ ವನದುರ್ಗಕ್ಕೆ ಹೋದೆ. ಹೊಲದಲ್ಲಿ ಹತ್ತಿ ಬಿಡಿಸುವ ಕೆಲಸ, ಬೇರೆ ಯಾರೂ ಬರುವಂತಿರಲಿಲ್ಲ. ಅತ್ತೆ ಹಿಂದೆ ಹತ್ತಿ, ಸೀಟಿನ ನಡುವೆ ಕುಳಿತು, ಮಗನ ಪಟದ ಹತ್ತಿರಕ್ಕೆ ಬಾಗಿಕೊಂಡರು.

"ಅತ್ತೀ, ಬೆಲ್ಟ್ ಹಾಕ್ಕೋರಿ."

"ನಾ ಏನ್ ಎಮ್ಮಿ ಏನಬೇ, ಹಗ್ಗ ಹಚ್ಚಾಕ? ನಡಿ ನೀ."

ಶಹಾಪುರ ಬಿಟ್ಟು ಯಾದಗಿರಿ ರಸ್ತೆಯಲ್ಲಿ ಹೋಗುತ್ತಿದ್ದೆವು. ಒಳ್ಳೆ ಹಗಲು. ಹೊಲದ ದಾರಿಯಿಂದ ಹತ್ತಿ ಹೇರಿದ ಟ್ರ್ಯಾಲಿಯೊಂದು ಹಿಂದುಮುಂದು ನೋಡದೆ ರಸ್ತೆಗೆ ಏರಿ, ಅಡ್ಡಕ್ಕೆ ನಿಂತುಬಿಟ್ಟಿತು. ಬಿಳಿಯ ಹತ್ತಿ ಗಾಜಿನ ತುಂಬ ಬಂತು. ನಾನು ಎರಡೂ ಕಾಲಿನಿಂದ ಬ್ರೇಕ್ ತುಳಿದೆ. ಪೆಡಲ್ ಕಾಲಡಿ ಗಡಗಡ ನಡುಗಿತು. ಗಾಡಿ ಎಡಕ್ಕೂ ಹೋಗಲಿಲ್ಲ, ಬಲಕ್ಕೂ ಹೋಗಲಿಲ್ಲ. ನೇರ ಹೋಗಿ ಟ್ರ್ಯಾಲಿಗೆ ಒಂದು ಮೊಳ ಹಿಂದೆ ನಿಂತಿತು. ನಾನು ವಿಡಿಯೊದಲ್ಲಿ ನೋಡಿದ್ದೆಲ್ಲ ಖರೇ ಆಗಿತ್ತು.

ಅತ್ತೆ ಮಾತ್ರ ನಿಲ್ಲಲಿಲ್ಲ. ಎರಡು ಸೀಟುಗಳ ಸಂದಿಯಲ್ಲಿ ಮುಂದಕ್ಕೆ ಬಂದು ಬಿದ್ದರು. "ಯವ್ವಾ!" ಎಂದದ್ದು ಕೇಳಿಸಿತು. ಹಣೆ ನನ್ನ ಸೀಟಿನ ಅಂಚಿಗೆ ತಾಗಿತ್ತು.

ಟ್ರ್ಯಾಲಿಯವನು ಕೈ ಮುಗಿದು ಹೋದ. ಗಾಡಿಯನ್ನು ಬೇವಿನ ಗಿಡದ ಕೆಳಗೆ ನಿಲ್ಲಿಸಿ ಅತ್ತೆಯನ್ನು ಎತ್ತಿ ಕೂರಿಸಿದೆ. ರಕ್ತ ಬಂದಿರಲಿಲ್ಲ. ಹಣೆಯ ಮೇಲೆ ಅಡಿಕೆಯಷ್ಟು ಬಾವು ಎದ್ದಿತ್ತು. ಅವರು ನೀರು ಕುಡಿದು ಪಟದ ಕಡೆ ನೋಡಿದರು. ಪಟ ಒಂದಿಷ್ಟೂ ಅಲುಗಿರಲಿಲ್ಲ.

"ಅವಗ ಹಾಕಿದ್ದಿ" ಎಂದರು ಮೆಲ್ಲಗೆ.

ನನಗೆ ಅದೆಲ್ಲಿತ್ತೋ ಅಷ್ಟು ಸಿಟ್ಟು! "ಹೂಂ, ಅವಗ ಹಾಕೀನಿ! ಇದ್ದಾಗ ನಿಮ್ಮ ಮಗ ಹಾಕ್ಕೊಳ್ಳಲಿಲ್ಲ, ಹೆಲ್ಮೆಟ್ ಕನ್ನಡಿಗೆ ತೂಗಹಾಕಿ ಹೋದ. ಸತ್ತ ಮ್ಯಾಲ ಬೆಲ್ಟ್ ಹಾಕ್ಕೊಂಡು ಶ್ಯಾಣ್ಯಾ ಆಗಿ ಕುಂತಾನ! ನೀವೂ ಹಂಗ ಆಗ್ಬೇಕೇನ್ರಿ? ನನಗ ಇರೋರು ನೀವೊಬ್ಬರ." ಗಂಡನನ್ನು ಏಕವಚನದಲ್ಲಿ ಕರೆದದ್ದು ಅದೇ ಮೊದಲು. ಆದರೂ ನಿಲ್ಲಿಸಲಿಲ್ಲ. "ಅಂವ ಬಂದು ಕುಂತಿಲ್ರಿ ಅತ್ತೀ. ಅದು ಭಾರಕ್ಕ ಬಡ್ಕೊಳ್ಳೋ ಗಂಟಿ. ಕಲ್ಲು ಇಟ್ರೂ ಬಡ್ಕೊಂತದ. ನನ್ನ ಬಾಜೂಕ ಯಾರೂ ಇಲ್ರಿ. ದಿನಾ ಹೋಗ್ತೀನಿ, ದಿನಾ ಬರ್ತೀನಿ, ಯಾರೂ ಇಲ್ರಿ."

ಅಂದು ಅತ್ತುಬಿಟ್ಟೆ. ಮಣ್ಣು ಕೊಟ್ಟ ದಿನವೂ ಅಷ್ಟು ಜೋರಾಗಿ ಅತ್ತಿರಲಿಲ್ಲ.

ಅತ್ತೆ ಸೆರಗಿನಿಂದ ಹಣೆ ಒತ್ತಿಕೊಂಡರು. "ನಾ ಏನ್ ಹುಚ್ಚಿ ಏನಬೇ?" ಎಂದರು. "ಅಂವ ಇಲ್ಲಂತ ನನಗೂ ಗೊತ್ತದ. ಗೊತ್ತಿದ್ದೂ ಹಂಗ ಅಂದೆ."

ಆಮೇಲೆ ತಾವೇ ಇಳಿದು, ಗಾಡಿಯನ್ನು ಹಿಡಿದುಕೊಂಡು ಸುತ್ತಿ ಬಂದು, ಮುಂದಿನ ಬಾಗಿಲು ತೆರೆದರು. ಬೆಲ್ಟ್ ಬಿಚ್ಚಲು ಅವರಿಗೆ ಬರಲಿಲ್ಲ, ನಾನು ಬಿಚ್ಚಿದೆ. ಗಂಟನ್ನು ಹಿಂದಿಟ್ಟರು. ಪಟವನ್ನೂ ಹಿಂದಿನ ಸೀಟಿಗೆ ದಾಟಿಸಿ, ತಮ್ಮ ಶಾಲು ಹೊದಿಸಿ, ಆ ಸೀಟಿನಲ್ಲಿ ಕುಳಿತರು.

"ಹಾಕು ನಿನ್ನ ಹಗ್ಗ."

ಬಾಗಿ ಬೆಲ್ಟ್ ಎಳೆದೆ. ಅವರ ಮೈಯಲ್ಲಿ ಎಲೆ ಅಡಿಕೆ, ಹೊಲದ ಧೂಳು, ಬೆವರಿನ ವಾಸನೆ ಇತ್ತು. ಭೀಮಾ ಸೇತುವೆ ಬರುವವರೆಗೂ ಅವರು ಮಾತಾಡುತ್ತಲೇ ಇದ್ದರು: ಗಾಜು ಎಷ್ಟು ದೊಡ್ಡದು, ಎಸಿ ಯಾಕಿಷ್ಟು ಥಂಡಿ, ನಾನು ಯಾಕಿಷ್ಟು ಬಡಕಲಾಗಿದ್ದೇನೆ. ನಾನು ಎಲ್ಲಕ್ಕೂ ಹೂಂ ಅಂದೆ. ಡಾಕ್ಟರು ಮೊದಲು ಹಣೆ ನೋಡಿ, ಆಮೇಲೆ ಕಣ್ಣು ನೋಡಿ, ಮುಂದಿನ ತಿಂಗಳು ಆಪರೇಷನ್ ಮಾಡೋಣ ಎಂದರು.

ಸಂಜೆ ವನದುರ್ಗದಲ್ಲಿ ಇಳಿಯುವಾಗ ಅತ್ತೆ ಹಿಂದಿನ ಬಾಗಿಲು ತೆಗೆಸಿ ಪಟವನ್ನು ಎದೆಗೆ ಅವಚಿಕೊಂಡರು.

"ಇಂವ ನನ್ನ ಕಡಿ ಇರ್ಲಿ. ನಿನ್ನ ಬಾಜೂಕ ಯಾರರ ಕುಂದರ್ಲಿ" ಎಂದು ಒಳಗೆ ಹೋದರು.

ಸುರಪುರದವರೆಗೆ ಒಬ್ಬಳೇ ಬಂದೆ. ಪಕ್ಕದ ಸೀಟಿನಲ್ಲಿ ಪಟವೂ ಇಲ್ಲ, ಅತ್ತೆಯೂ ಇಲ್ಲ. ಸುಳ್ಳೇಕೆ, ಅಷ್ಟು ತಿಂಗಳು ಬೈದುಕೊಂಡ ಆ ಪಟವೇ ಇದ್ದಿದ್ದರೆ ಅನ್ನಿಸಿತು. ಗಾಡಿ ಸುಮ್ಮನೆ ಓಡಿತು, ಯಾವ ಗಂಟೆಯೂ ಹೊಡೆಯಲಿಲ್ಲ.

ಮರುದಿನ ಬೆಳಿಗ್ಗೆ ಬಸ್‌ಸ್ಟ್ಯಾಂಡಿನ ಹತ್ತಿರ ಹಿಂದಿ ಟೀಚರ್ ನಿಂತಿದ್ದರು. ರೂಢಿಯಂತೆ ಹಿಂದಿನ ಬಾಗಿಲಿಗೆ ಕೈ ಹಾಕಿದರು.

"ಮುಂದ ಬರ್ರೀ! ನಾ ಏನ್ ನಿಮ್ಮ ಡ್ರೈವರ್ ಏನ್ರಿ?" ಎಂದೆ.

ಅವರು ಬೆಚ್ಚಿ ಮುಂದಿನ ಬಾಗಿಲು ತೆರೆದರು. ಖಾಲಿ ಸೀಟು ನೋಡಿದರು, ನನ್ನನ್ನು ನೋಡಿದರು. "ಸರ್...?" ಎಂದರು.

"ಸರ್ ಅವರವ್ವನ ಮನಿಗೆ ಹೋಗ್ಯಾರ್ರಿ. ನೀವು ಕೂಡ್ರಿ."

ಅವರು ಕುಳಿತರು. ಗಾಡಿ ಹೊರಟ ಕೂಡಲೇ ಗಂಟೆ ಹೊಡೆಯತೊಡಗಿತು. "ಯಾಕ್ರಿ ಮೇಡಂ, ಏನೋ ಬಡ್ಕೊಳ್ಳಾಕತ್ತದಲ್ಲ?" ಎಂದು ಅವರು ಗಾಬರಿಯಾದರು.

"ಏನಿಲ್ರಿ" ಎಂದೆ. "ಬಾಜೂಕ ಮನಷ್ಯಾರು ಕುಂತಾರಂತ ಹೇಳಾಕತ್ತದ."